ಹೊಲದ ಕೆಲಸಕ್ಕೆ ಯಾವ ಫೋನ್? ತಗೊಳ್ಳೋ ಮುಂಚೆ ಬದುವಿನ ಮೇಲೆ ನಿಂತು ಹೋಲಿಸಿ ನೋಡಿ

ಹದಿನೈದು ಸಾವಿರದೊಳಗೆ ಯಾವ ಫೋನ್ ಒಳ್ಳೆಯದು ಅಂತ ಕೇಳಿದರೆ ಅಂಗಡಿಯವರು ಮೊದಲು ಹೇಳೋದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ‍್ಯಾಮ್ ಎಷ್ಟು ಜಿಬಿ ಅಂತ. ಯೂಟ್ಯೂಬ್ ವಿಡಿಯೊಗಳಲ್ಲೂ ಇದೇ ಕಥೆ, ಜೊತೆಗೆ ಗೇಮ್ ಆಡಿ ತೋರಿಸ್ತಾರೆ. ನಮ್ಮ ಫೋನ್ ಇರೋದು ಬಿಸಿಲಲ್ಲಿ, ಧೂಳಲ್ಲಿ, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ. ಅಲ್ಲಿ ಯಾವುದು ಕೈಕೊಡಬಾರದು ಅನ್ನೋದನ್ನ ಯಾರೂ ಹೇಳಲ್ಲ.

ಕೈಕೊಟ್ಟರೆ ನಷ್ಟ ಸಣ್ಣದಲ್ಲ. 2020ರ ಮುಂಗಾರಿನಿಂದ ರಾಜ್ಯದಲ್ಲಿ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆ ಸಮೀಕ್ಷೆ ಮಾಡಿಕೊಳ್ಳಬಹುದು. ಹೊಲದಲ್ಲೇ ನಿಂತು, ಸರ್ವೆ ನಂಬರ್ ಆರಿಸಿ, ಬೆಳೆಯ ಫೋಟೊ ತೆಗೆದು ಕಳಿಸಬೇಕು. ಬೆಳೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆ ಖರೀದಿ ಎಲ್ಲದಕ್ಕೂ ಈ ದಾಖಲೆಯನ್ನೇ ನೋಡ್ತಾರೆ. ಹಾಗೇ ಫಸಲ್ ಬಿಮಾದಲ್ಲಿ ಆಲಿಕಲ್ಲು ಮಳೆಯಿಂದಲೋ ಹೊಲದಲ್ಲಿ ನೀರು ನಿಂತೋ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಆ ಮೂರು ದಿನದಲ್ಲಿ ಫೋನ್ ಚಾರ್ಜ್ ಇಲ್ಲದೆ ಸತ್ತಿದ್ದರೆ, ಜಿಪಿಎಸ್ ಪಕ್ಕದ ಹೊಲ ತೋರಿಸ್ತಿದ್ದರೆ, 50 ಮೆಗಾಪಿಕ್ಸೆಲ್ ಏನು ಮಾಡುತ್ತೆ?

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಪರೀಕ್ಷೆ ಜಿಪಿಎಸ್‌ದು. ಮೇಲೆ ಆಕಾಶ ತೆರೆದಿದ್ದರೆ ಸಾಧಾರಣ ಫೋನ್ ಕೂಡ ನೀವಿರೋ ಜಾಗವನ್ನ ಸುಮಾರು ಐದು ಮೀಟರ್ ಆಚೀಚೆ ಹೇಳುತ್ತೆ. ಅಡಿಕೆ ತೋಟದೊಳಗೆ, ತೆಂಗಿನ ಗರಿ ಕೆಳಗೆ ಆ ಲೆಕ್ಕ ಕೆಡುತ್ತೆ. ಅಗಲ ಕಮ್ಮಿ ಇರೋ ಪಟ್ಟಿ ಹೊಲಗಳಲ್ಲಿ ಐದು ಮೀಟರ್ ಹದಿನೈದಾದರೆ ನೀವು ದಾಯಾದಿ ಹೊಲದಲ್ಲಿ ನಿಂತ ಹಾಗೆ. ಕೆಲವು ಫೋನ್‌ಗಳು ಎಲ್1 ಜೊತೆಗೆ ಎಲ್5 ಅನ್ನೋ ಎರಡನೇ ತರಂಗವನ್ನೂ ಹಿಡಿಯುತ್ತವೆ. ಮರ, ಗೋಡೆಗೆ ಬಡಿದು ಬರೋ ಸಿಗ್ನಲ್‌ನ ಗೊಂದಲ ಅವುಗಳಲ್ಲಿ ಕಮ್ಮಿ. ಕಂಪನಿಯ ವಿವರಪಟ್ಟಿಯಲ್ಲಿ ಇದನ್ನ ಹುಡುಕಿ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಹೆಚ್ಚಾಗಿ ಇರಲ್ಲ.

ಪಟ್ಟಿಗಿಂತ ಪ್ರತ್ಯಕ್ಷ ನೋಡೋದು ಮೇಲು. ನೀವು ತಗೊಳ್ಳಬೇಕು ಅಂತಿರೋ ಮಾಡೆಲ್ ಊರಲ್ಲಿ ಯಾರ ಹತ್ರ ಇದೆ ಕೇಳಿ, ಅವರನ್ನ ಹೊಲಕ್ಕೆ ಕರ್ಕೊಂಡು ಹೋಗಿ. ದಿಶಾಂಕ್ ಆ್ಯಪ್ ತೆಗೆದು ಬದುವಿನ ಹತ್ರ, ತೋಟದ ನಡುವೆ, ಬಾವಿ ಪಕ್ಕ ನಿಂತು ಯಾವ ಸರ್ವೆ ನಂಬರ್ ತೋರಿಸುತ್ತೆ ನೋಡಿ. ಎರಡು ಮಾಡೆಲ್ ಸಿಕ್ಕಿದರೆ ಎರಡನ್ನೂ ಒಂದೇ ಜಾಗದಲ್ಲಿ ಹಿಡಿದು ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಆ್ಯಪ್‌ಗೆ ಅನುಮತಿ ಕೊಡುವಾಗ ನಿಖರ ಸ್ಥಳ, ಅಂದಾಜು ಸ್ಥಳ ಅಂತ ಎರಡು ಆಯ್ಕೆ ಬರುತ್ತವೆ. ಅಂದಾಜು ಒತ್ತಿಬಿಟ್ಟರೆ ಎಷ್ಟು ದುಬಾರಿ ಫೋನ್ ಆದರೂ ಊರು ಸುತ್ತಿಸುತ್ತೆ. ಹಳೇ ಫೋನ್‌ನ ಜಿಪಿಎಸ್ ಸರಿಯಿಲ್ಲ ಅಂತ ಹೊಸದು ಕೊಳ್ಳೋಕೆ ಹೊರಟವರು ಈ ಸೆಟ್ಟಿಂಗ್ ಒಮ್ಮೆ ನೋಡಿ, ದುಡ್ಡು ಉಳಿದರೂ ಉಳಿಯಬಹುದು.

ಎರಡನೆಯದು ನೆಟ್‌ವರ್ಕ್. ಡಬ್ಬದ ಮೇಲೆ 5ಜಿ ಅಂತ ಬರೆದಿದ್ದರೆ ಸಾಲದು, ಯಾವ ಬ್ಯಾಂಡ್ ಅಂತ ನೋಡಬೇಕು. ಕಡಿಮೆ ಆವರ್ತನದ ತರಂಗ ದೂರ ಹೋಗುತ್ತೆ, ತೋಟ, ಗೋಡೆ ದಾಟುತ್ತೆ. ಜಿಯೊ 5ಜಿಗೆ ದೂರ ಹೋಗೋದು 700 ಮೆಗಾಹರ್ಟ್ಸ್, ಅಂದರೆ ಎನ್28 ಬ್ಯಾಂಡ್. ಪೇಟೆಯಲ್ಲಿ ಜೋರಾಗಿ ಓಡೋದು 3500ರ ಎನ್78. 4ಜಿಯಲ್ಲಿ ಜಿಯೊ ಸಿಮ್ ಇದ್ದರೆ 850ರ ಬ್ಯಾಂಡ್ 5, ಏರ್‌ಟೆಲ್ ಇದ್ದರೆ 900ರ ಬ್ಯಾಂಡ್ 8 ಇದೆಯಾ ನೋಡಿ. ನಿಮ್ಮೂರಲ್ಲಿ 5ಜಿ ಟವರೇ ಇಲ್ಲ ಅಂದರೆ, ಅದರ ಹೆಸರಲ್ಲಿ ಹೆಚ್ಚು ಕೊಡೋ ದುಡ್ಡನ್ನ ದೊಡ್ಡ ಬ್ಯಾಟರಿಗೆ ಹಾಕಿ. ಇಲ್ಲೂ ನಿಜವಾದ ಪರೀಕ್ಷೆ ಅಂದ್ರೆ ನಿಮ್ಮ ಸಿಮ್ ತೆಗೆದು ಗೆಳೆಯನ ಫೋನ್‌ಗೆ ಹಾಕಿ ಪಂಪ್‌ಸೆಟ್ ಹತ್ರ ಕಾಲ್ ಮಾಡಿ ನೋಡೋದು.

ಉದಾಹರಣೆಗೆ ಒಂದು ಜೋಡಿ ಹೋಲಿಸೋಣ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ14 5ಜಿ ಮತ್ತು ರೆಡ್ಮಿ 12 5ಜಿ. ಎರಡರಲ್ಲೂ ಮುಖ್ಯ ಕ್ಯಾಮೆರಾ 50 ಮೆಗಾಪಿಕ್ಸೆಲ್, ಎರಡರ ಪರದೆಯೂ 90 ಹರ್ಟ್ಸ್. ಅಂಗಡಿಯವರ ಮಾತಲ್ಲಿ ಎರಡೂ ಒಂದೇ. ಹೊಲದಲ್ಲಿ ಒಂದೇ ಅಲ್ಲ. ಎಂ14ಕ್ಕೆ 6000 ಎಂಎಎಚ್ ಬ್ಯಾಟರಿ, ರೆಡ್ಮಿಗೆ 5000. ರೆಡ್ಮಿಗೆ ಐಪಿ53 ಗುರುತು ಇದೆ. ಅಂದರೆ ಧೂಳು ಮಟ್ಟಿಗೆ ತಡೆಯುತ್ತೆ, ತುಂತುರು ಮಳೆಗೆ ಹೆದರಬೇಕಿಲ್ಲ, ಆದರೆ ಕಾಲುವೆಗೆ ಬಿದ್ದರೆ ದೇವರೇ ಗತಿ. ರೆಡ್ಮಿ ಡಬ್ಬದಲ್ಲಿ ಚಾರ್ಜರ್ ಕೊಟ್ಟರು, ಎಂ14ಕ್ಕೆ ಕೊಡಲಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ಎಂ14ಕ್ಕೆ ನಾಲ್ಕು ವರ್ಷ ಅಂದರು, ರೆಡ್ಮಿಗೆ ಮೂರು. ಈ ವರ್ಷಗಳ ಲೆಕ್ಕ ಫೋನ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಇಂಥ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ ಒಂದಕ್ಕೆ 2027, ಇನ್ನೊಂದಕ್ಕೆ 2026 ಅಂತ ಎಣಿಸಿಕೊಳ್ಳಿ. ಫೋನ್‌ಪೇ, ಬ್ಯಾಂಕ್ ಆ್ಯಪ್ ಇರೋ ಫೋನ್‌ಗೆ ಇದು ಸಣ್ಣ ಮಾತಲ್ಲ.

ಬೆಳಗ್ಗೆ ಹೋಗಿ ಸಂಜೆ ಬರೋರಾದರೆ ನಾನು ಬ್ಯಾಟರಿಗೇ ಓಟು ಹಾಕ್ತೀನಿ. ಮಲೆನಾಡಿನ ಮಳೆಯಲ್ಲಿ ಓಡಾಡೋರು ಐಪಿ ಗುರುತು ನೋಡಲಿ. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗಲ್ಲ, ಔಷಧಿ ಹೊಡೆಯುವಾಗ ಯಾವ ಫೋನ್ ಆದರೂ ಪ್ಲಾಸ್ಟಿಕ್ ಕವರ್‌ನಲ್ಲೇ ಇರಲಿ.

ಕ್ಯಾಮೆರಾ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2 ಮೆಗಾಪಿಕ್ಸೆಲ್ ಮ್ಯಾಕ್ರೊ ಅನ್ನೋದು ಲೆಕ್ಕಕ್ಕೆ ಇನ್ನೊಂದು ಕಣ್ಣು, ಅಷ್ಟೇ. ಎಲೆಯಡಿ ಇರೋ ಥ್ರಿಪ್ಸ್, ಮೈಟ್ ನುಸಿ ತೋರಿಸಬೇಕಾದರೆ ಮುಖ್ಯ ಕ್ಯಾಮೆರಾವನ್ನೇ ಒಂದು ಗೇಣು ದೂರ ಹಿಡಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಅಂಗಡಿಗೆ ಒಂದು ಮೆಣಸಿನ ಎಲೆ ತಗೊಂಡು ಹೋಗಿ ಪರೀಕ್ಷೆ ಮಾಡಿ, ನಗೋರು ನಗಲಿ. ಪರದೆಯನ್ನ ಅಂಗಡಿ ಲೈಟಲ್ಲಿ ನೋಡಬೇಡಿ, ಮಧ್ಯಾಹ್ನ ಹೋಗಿ ಬಾಗಿಲಾಚೆ ಬಿಸಿಲಿಗೆ ಹಿಡಿದು ವಾಟ್ಸಾಪ್ ಅಕ್ಷರ ಓದಿ. ರ‍್ಯಾಮ್ 4+4 ಅಂತ ಬರೆದಿದ್ದರೆ ಅಸಲಿ ಇರೋದು ನಾಲ್ಕೇ, ಉಳಿದದ್ದು ಸ್ಟೋರೇಜ್‌ನಿಂದ ಎರವಲು. ಎರಡು ವರ್ಷ ತಡವರಿಸದೆ ಓಡಬೇಕು ಅಂದರೆ ಅಸಲಿ 6 ಜಿಬಿ ನೋಡಿ.

ಇಎಂಐ ಮೇಲೆ ತಗೊಳ್ಳೋರು ಕಂತು ಎಷ್ಟು ಅಂತ ಮಾತ್ರ ಕೇಳಬೇಡಿ, ಪ್ರೊಸೆಸಿಂಗ್ ಶುಲ್ಕ ಸೇರಿಸಿ ಒಟ್ಟು ಎಷ್ಟಾಗುತ್ತೆ ಕೂಡಿಸಿ. ಕಂತು ತಪ್ಪಿದರೆ ಫೋನೇ ಲಾಕ್ ಆಗೋ ಆ್ಯಪ್ ಹಾಕಿ ಕೊಡೋದೂ ಇದೆ. ಫಸಲು ಬರೋದು ವರ್ಷಕ್ಕೆ ಒಂದೋ ಎರಡೋ ಸಲ, ಕಂತು ಬರೋದು ತಿಂಗಳು ತಿಂಗಳು.

ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡೋ ಮುಂಚೆ *#06# ಒತ್ತಿ 15 ಅಂಕಿಯ ಐಎಂಇಐ ತೆಗೀರಿ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಎಸ್ಎಂಎಸ್ ಮಾಡಿ. ಕದ್ದ ಮಾಲು ಅಂತ ಬ್ಲಾಕ್ ಮಾಡಿಸಿದ್ದರೆ ಉತ್ತರದಲ್ಲಿ ಗೊತ್ತಾಗುತ್ತೆ. ಮಾರೋರ ಹತ್ರ ಹಳೇ ಬಿಲ್ ಇದ್ದರೆ ಅದರಲ್ಲಿರೋ ಐಎಂಇಐಗೂ ತಾಳೆ ನೋಡಿ, ಬಿಲ್ಲನ್ನೂ ಕೇಳಿ ಇಸ್ಕೊಳ್ಳಿ.