ಮೂರು ಕಾಲದ ಸರಳೆ

ಆಟಿ ತಿಂಗಳಲ್ಲಿ ಪುತ್ತೂರು ಸೀಮೆಯ ಮನೆಗಳೊಳಗೆ ಬೆಳಕು ತಡವಾಗಿ ಬರುತ್ತದೆ. ಹಂಚಿನ ಮೇಲಿನ ಮಳೆಗೆ ಒಂದು ಸದ್ದು, ಅಂಗಳದಲ್ಲಿ ಬಿದ್ದ ಸೋಗೆಯ ಮೇಲಿನ ಮಳೆಗೆ ಇನ್ನೊಂದು. ಬಚ್ಚಲೊಲೆಯ ಹಸಿ ಕಟ್ಟಿಗೆಯ ಹೊಗೆ, ಅಡಿಕೆಗೆ ಮದ್ದು ಬಿಡಲು ರಾತ್ರಿಯೇ ತಂದಿಟ್ಟ ಮೈಲುತುತ್ತು ಸುಣ್ಣದ ವಾಸನೆ, ಇವೆಲ್ಲದರ ನಡುವೆ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಒಬ್ಬಳು ಹುಡುಗಿ ಕೂತಿದ್ದಾಳೆ. ಕರೆಂಟು ಹೋಗಿದೆ, ಶ್ರುತಿಪೆಟ್ಟಿಗೆಯ ಕೆಲಸವನ್ನು ಮೊಬೈಲು ಮಾಡುತ್ತಿದೆ. ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತದೆ: ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು, ಬೀಸು, ಪೆಟ್ಟು, ಬೀಸು. ಹಾಡುತ್ತಿರುವುದು ಕೃತಿಯಲ್ಲ, ವರ್ಣವೂ ಅಲ್ಲ, ಸರಳೆ ವರಸೆ. ಮೊದಲನೇ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಕೈಯ ಓಟ ಮಾತ್ರ ಬದಲಾಗಬಾರದು.

“ಎಂತ ಮಾರಾಯ್ತಿ, ಸೀನಿಯರ್ ಪಾಸಾದ ಮೇಲೂ ಸರಿಗಮವಾ?” ಎಂದು ಒಳಗಿನಿಂದ ಅಜ್ಜಿ ಕೇಳುತ್ತಾರೆ.

“ಮಕ್ಕಳಿಗೆ ಕಲಿಸ್ಲಿಕ್ಕೆ ಉಂಟಲ್ಲ ಅಜ್ಜಿ” ಎಂದು ಮೂರನೇ ಕಾಲ ಮುಗಿಸಿಯೇ ಉತ್ತರ.

ಮಳೆ ಸ್ವಲ್ಪ ಹೊಳವಾದರೆ ಬಸ್ಸು. ರಜೆಯ ದಿನಗಳಲ್ಲಿ ಪುತ್ತೂರಿನ ಸಂಗೀತ ತರಗತಿಗಳಿಗೆ ಸುಳ್ಯದಿಂದ, ಕಾಣಿಯೂರಿನಿಂದ, ಕಡಬದಿಂದ ಹೀಗೆಯೇ ಒದ್ದೆ ಕೊಡೆಗಳು ಬಂದು ಚಾವಡಿಯ ಮೂಲೆಯಲ್ಲಿ ಸಾಲಾಗಿ ನೀರಿಳಿಸುತ್ತವೆ. ಕೆಲವರು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ಕಬಕ ಪುತ್ತೂರಿನಲ್ಲಿ ಇಳಿಯುವವರು. ಕಲಿಕೆಯ ಈ ಓಡಾಟ ಇಲ್ಲಿಗೆ ಹೊಸತಲ್ಲ. ಕುಮಾರಧಾರೆ ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಗೆ ಹತ್ತಿರದ ಕಾಂಚನದಲ್ಲಿ ವೆಂಕಟಸುಬ್ರಹ್ಮಣ್ಯಂ ಅಯ್ಯರ್ ಲಕ್ಷ್ಮೀನಾರಾಯಣ ಸಂಗೀತ ಶಾಲೆ ನಡೆಸಿ ಗುರುಕುಲದ ರೀತಿಯಲ್ಲಿ ಪಾಠ ಹೇಳಿದರು. ತೋಟದ ನಡುವಿನ ಆ ಊರಿನಿಂದ ಹೊರಟ ಸಂಗೀತ ಜಿಲ್ಲೆಯ ಎಷ್ಟೋ ಮನೆಗಳ ಜಗಲಿ ಮುಟ್ಟಿದೆ.

ಗುರುಗಳ ಮುಂದೆ ತೆರೆದ ಅವಳ ಪುಸ್ತಕದ ಅಂಚು ತೇವಕ್ಕೆ ಸುರುಳಿಯಾಗಿದೆ. ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂದು ಮೆಟ್ಟಿಲು. ಹಿಂದೆ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಗಳ ಹೊಣೆ ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದ್ದು. ಹಾಡಿದರೆ ಸಾಲದು, ಬರೆಯಲೂ ಬೇಕು: ರಾಗಲಕ್ಷಣ, ವಾಗ್ಗೇಯಕಾರರ ಜೀವನ, ಏಳು ತಾಳಗಳು ಐದು ಜಾತಿಗಳಲ್ಲಿ ಹರಡಿ 35 ಆಗುವ ಲೆಕ್ಕ, 72 ಮೇಳಕರ್ತಗಳ ಪಟ್ಟಿ. ಪುಟದ ಬದಿಯಲ್ಲಿ ಪೆನ್ಸಿಲಿನಲ್ಲಿ ಕಟಪಯಾದಿ ಗುರುತುಗಳಿವೆ. ಮಾಯಾಮಾಳವಗೌಳದ ‘ಮಾ’ ಐದು, ‘ಯಾ’ ಒಂದು. ತಿರುಗಿಸಿದರೆ 15ನೇ ಮೇಳ. ಮೊದಲ ಪಾಠಕ್ಕೆ ಈ ರಾಗವನ್ನು ಇಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ವಿದ್ವತ್ತಿಗೆ ಬಂದಾಗ ಆಲಾಪನೆ, ನೆರವಲ್, ಕಲ್ಪನಾಸ್ವರ. ಬಾಯಿಪಾಠದ ಧೈರ್ಯ ಅಲ್ಲಿಗೆ ಮುಗಿಯಿತು.

ಆದರೆ ಈ ಮೆಟ್ಟಿಲುಗಳಲ್ಲಿ ಯಾವುದೂ ಕೇಳದ ಪ್ರಶ್ನೆಯೊಂದಿದೆ. ಅದು ಎದುರಾಗುವುದು ಕಡಬದ ಕಡೆಯ ಒಂದು ಶಾಲೆಯಲ್ಲಿ, ವಾರಕ್ಕೊಮ್ಮೆ ಅವಳು ಪಾಠಕ್ಕೆ ಹೋಗುವಲ್ಲಿ. ಮಧ್ಯಾಹ್ನದ ಬಿಸಿಯೂಟದ ಸಾಂಬಾರಿನ ಪರಿಮಳ ಇನ್ನೂ ಆರಿಲ್ಲ, ಒದ್ದೆ ಯೂನಿಫಾರ್ಮಿನ ವಾಸನೆ ಬೇರೆ. ಮನೆಯಲ್ಲಿ ತುಳು ಆಡುವವರು, ಅರೆಭಾಷೆಯವರು, ಬ್ಯಾರಿ ಮಕ್ಕಳು, ಮಲಯಾಳದ ಮಕ್ಕಳು ಒಂದೇ ಬೆಂಚಿನಲ್ಲಿ. ಅವಳ ಐದೂವರೆ ಕಟ್ಟೆಯ ಷಡ್ಜಕ್ಕೆ ಅರ್ಧ ತರಗತಿ ಕೂಗುತ್ತದೆ, ಕಾಲು ಭಾಗ ಪಿಸುಗುಡುತ್ತದೆ, ಉಳಿದವರು ಕಿಟಕಿಯಾಚೆಯ ಮಳೆ ನೋಡುತ್ತಾರೆ. ಅವಳು ಶ್ರುತಿ ಇಳಿಸುತ್ತಾಳೆ, ಪುಸ್ತಕ ಮುಚ್ಚುತ್ತಾಳೆ, ಡೆಸ್ಕಿನ ಮೇಲೆ ತಾಳ ಬಡಿಯಲು ಹೇಳುತ್ತಾಳೆ. ನಲವತ್ತು ಜೋಡಿ ಕೈ ಒಟ್ಟಿಗೆ ಬಿದ್ದ ಸದ್ದಿಗೆ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಾಗಿಲಲ್ಲಿ ಇಣುಕಿ ಹೋಗುತ್ತಾರೆ. ನನ್ನ ಮಟ್ಟಿಗೆ ಸಂಗೀತ ಶಿಕ್ಷಕಿಯ ನಿಜವಾದ ಪ್ರಾಯೋಗಿಕ ಪರೀಕ್ಷೆ ಇದು. ಅಂಕಪಟ್ಟಿಯಲ್ಲಿ ಇದಕ್ಕೊಂದು ಕಾಲಮ್ಮು ಇರಬೇಕಿತ್ತು. ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಹಾಡಿಸಿ ಕುಣಿಸಿ ಕಲಿಸಲು ಹೊರಟ ಊರು ಪುತ್ತೂರು ಎಂಬುದನ್ನು ಇಲ್ಲಿ ನೆನೆಯದಿರುವುದು ಕಷ್ಟ.

ಕೆಲಸದ ವಿಚಾರ ಬಂದರೆ ದಾರಿ ಒಂದೇ ಅಲ್ಲ. ಕರ್ನಾಟಕದ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ 1ರಿಂದ 5, 6ರಿಂದ 8ನೇ ತರಗತಿಗಳಿಗೆಂದು ಎರಡು ಪತ್ರಿಕೆ. ಸಂಗೀತಕ್ಕೆಂದು ಬೇರೆ ಪತ್ರಿಕೆಯಿಲ್ಲ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಸಂಗೀತ ಶಿಕ್ಷಕರಿಗೆ ಪಿಯುಸಿಯಲ್ಲಿ ಶೇ. 50 ಅಂಕವೂ ಸಂಗೀತದಲ್ಲಿ ಪದವಿಯೂ ಬೇಕು. ಇತ್ತ ಜಾಲ್ಸೂರಿನಿಂದ ಮುಳ್ಳೇರಿಯದ ಕಡೆ ಹೊರಟ ಬಸ್ಸು ಕಾಡಿನ ನಡುವೆ ಗಡಿ ದಾಟಿದರೆ ಕಾಸರಗೋಡು. ಅಲ್ಲಿ ಸಂಗೀತ ಶಿಕ್ಷಕರು ವಿಶೇಷ ಶಿಕ್ಷಕರ ಸಾಲಿಗೆ ಸೇರುತ್ತಾರೆ, ಅವರಿಗೆ ಕೇರಳದ ಅರ್ಹತಾ ಪರೀಕ್ಷೆ ಕೆ-ಟೆಟ್‌ನ ನಾಲ್ಕನೇ ವಿಭಾಗ ಇದೆ. ಒಂದೇ ರಾಗ, ಒಂದೇ ವರ್ಣ, ಒಂದೇ ಮಳೆ. ಅರ್ಜಿ ನಮೂನೆ ಮಾತ್ರ ಬೇರೆ. ಸುಳ್ಯದ ಹುಡುಗಿಯರು ಈ ಎರಡೂ ಕಡೆಯ ಪ್ರಕಟಣೆಗಳನ್ನು ಫೋನಿನಲ್ಲಿ ಉಳಿಸಿಟ್ಟುಕೊಂಡಿರುತ್ತಾರೆ.

ಸದ್ಯಕ್ಕೆ ಕಡಬದ ತರಗತಿಯಲ್ಲಿ ತಾಳ ಒಂದು ಹದಕ್ಕೆ ಬಂದಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತುತ್ತಾನೆ.

“ಟೀಚರೇ, ಪದ್ಯ ಯಾವಾಗ ಹೇಳಿಕೊಡುವುದು? ಪ್ರತಿಭಾ ಕಾರಂಜಿ ಬಂತು.”

“ನೀನು ಬೀಸು ಹಾಕಲೇ ಇಲ್ಲ, ಎರಡೂ ಪೆಟ್ಟೇ ಹಾಕಿದಿ. ಇನ್ನೊಂದು ಸಲ” ಎಂದು ಅವಳು ಡೆಸ್ಕಿನ ಮೇಲೆ ಕೈಯಿಟ್ಟು ಮೊದಲನೇ ಕಾಲ ಸುರು ಮಾಡುತ್ತಾಳೆ.