ಸೆರೆಮನೆಯಲ್ಲಿ ಕಾಯುವವರು

ಸೆರೆಮನೆಯೆಂದೊಡನೆ ನಮ್ಮ ಲಕ್ಷ್ಯ ಕೈದಿಯ ಕಡೆಗೆ ಹರಿಯುತ್ತದೆ, ಅವನನ್ನು ಕಾಯುವವರ ಕಡೆಗಲ್ಲ. ಆ ಗೋಡೆಯೊಳಗೆ ದುಡಿಯುವ ನೌಕರರು ತಮ್ಮತಮ್ಮಲ್ಲಿ ಹೇಗೆ ನಡೆದುಕೊಳ್ಳುತ್ತಾರೆಂಬುದರ ಮೇಲೆ ಕೈದಿಯ ಕ್ಷೇಮ ಎಷ್ಟೋ ಮಟ್ಟಿಗೆ ನಿಂತಿದೆ.

ಬ್ರಿಟಿಷ್ ಸರಕಾರ ೧೮೯೪ರಲ್ಲಿ ಮಾಡಿದ ಬಂದೀಖಾನೆಗಳ ಕಾಯಿದೆಯನ್ನು ಈ ದೃಷ್ಟಿಯಿಂದ ಓದಿ ನೋಡಬೇಕು. ಸೂಪರಿಂಟೆಂಡೆಂಟರು, ಅವರ ಕೈಕೆಳಗೆ ಜೈಲರು, ಜೈಲರ ಕೈಕೆಳಗೆ ವಾರ್ಡರು. ಅಪ್ಪಣೆ ಮೇಲಿನಿಂದ ಕೆಳಕ್ಕಿಳಿಯುವ ಸೋಪಾನವಿದು. ಇದರ ಪಕ್ಕದಲ್ಲಿ ಕಾಯಿದೆ ವೈದ್ಯಾಧಿಕಾರಿಯನ್ನು ನಿಲ್ಲಿಸಿತು. ಕೈದಿಗೆ ಛಡಿಯೇಟಿನ ಶಿಕ್ಷೆಯಾದರೆ, ಅವನ ದೇಹ ಅದನ್ನು ತಾಳೀತೆಂದು ವೈದ್ಯರು ಪರೀಕ್ಷಿಸಿ ಬರೆದುಕೊಡುವ ತನಕ ಅದನ್ನು ಜಾರಿಗೆ ತರುವಂತಿರಲಿಲ್ಲ. ಕೈದಿಯ ವಿಷಯದಲ್ಲಿ ವೈದ್ಯರು ಕೊಟ್ಟ ಸೂಚನೆಗಳಲ್ಲಿ, ತಾವೇ ನಡೆಸುವ ಔಷಧೋಪಚಾರವನ್ನು ಬಿಟ್ಟು, ಉಳಿದುವು ದಿನದಿನವೂ ದಾಖಲಾಗಬೇಕು. ಪ್ರತಿಯೊಂದರ ಮುಂದೆ ಜೈಲರು 'ಪಾಲಿಸಲಾಗಿದೆ' ಅಥವಾ 'ಪಾಲಿಸಲಾಗಿಲ್ಲ' ಎಂದು ತಾರೀಖು ಸಹಿತ ಬರೆಯಬೇಕು. ಒಬ್ಬ ಅಧಿಕಾರಿಯ ಲೇಖನಿ ಹೀಗೆ ಇನ್ನೊಬ್ಬರ ನಡತೆಗೆ ಸಾಕ್ಷಿಯಾಯಿತು. ಬಾಗಿಲು ಕಾಯುವವನಿಗೂ, ನಿಷಿದ್ಧ ವಸ್ತು ಸಾಗಿಸುವ ಶಂಕೆ ಬಂದರೆ ಯಾರನ್ನಾದರೂ ತಡೆದು ಶೋಧಿಸುವ ಅಧಿಕಾರವಿತ್ತು. 'ಯಾರನ್ನಾದರೂ' ಎಂದ ಮೇಲೆ ಜೊತೆಗಾರನೂ ಸೇರಿದಂತೆಯೇ. ನಿನ್ನೆ ರಾತ್ರಿ ಒಟ್ಟಿಗೆ ಪಾಳಿ ಮಾಡಿದ ಗೆಳೆಯನ ಊಟದ ಡಬ್ಬಿ ಬಿಚ್ಚಿಸುವುದು ಎಷ್ಟು ಮುಜುಗರದ ಕೆಲಸವೆಂಬುದನ್ನು ಊಹಿಸಿಕೊಳ್ಳಬಹುದು.

ಇಷ್ಟೆಲ್ಲ ಮುಂದಾಲೋಚಿಸಿದ ಅದೇ ಕಾಯಿದೆ, ವೈದ್ಯಾಧಿಕಾರಿಯೇ ಸೂಪರಿಂಟೆಂಡೆಂಟರೂ ಆಗಿರಬಹುದೆಂದು ಆವರಣ ಚಿಹ್ನೆಯೊಳಗೆ ಒಂದು ಮಾತು ಸೇರಿಸಿತು! ಶಿಕ್ಷೆ ವಿಧಿಸಿದ ಕೈಯೇ ದೇಹ ತಾಳೀತೆಂದು ಬರೆದುಕೊಟ್ಟರೆ ಆ ಪರೀಕ್ಷೆಯಿಂದ ಕೈದಿಗೆ ದೊರೆತುದೇನು?

ಇನ್ನು ವಾರ್ಡರನ ಮಾತು. ಕೈದಿಯ ಬಳಿ ಹೆಚ್ಚು ಹೊತ್ತು ಇರುವವನು ಅವನೇ. ಸೋಪಾನದ ಕೊನೆಯ ಮೆಟ್ಟಿಲೂ ಅವನದೇ. ಸಹೋದ್ಯೋಗಿ ಕೈಮಾಡಿದ್ದನ್ನು ಕಂಡೂ ಅವನು ಸುಮ್ಮನಿದ್ದರೆ ಅದನ್ನು ಬರಿಯ ಹೇಡಿತನವೆನ್ನಲು ನನಗೆ ಮನಸ್ಸೊಪ್ಪದು. ನಾಳೆ ಒಳಗೆ ಗಲಭೆಯೆದ್ದರೆ ಅವನ ಸಹಾಯಕ್ಕೆ ಓಡಿಬರಬೇಕಾದವನು ಆ ಸಹೋದ್ಯೋಗಿಯೇ. ಆದರೆ ಈ ಮೌನದ ಬೆಲೆ ತೆರುವವನು ಕೈದಿ.

ದೆಹಲಿಯ ತಿಹಾರ್ ಜೈಲಿನಲ್ಲಿ ಹೆಡ್ ವಾರ್ಡರನೊಬ್ಬ ಕೈದಿಯೊಬ್ಬನನ್ನು ಹಿಂಸಿಸಿದನೆಂಬ ಸಂಗತಿ ಸರ್ವೋಚ್ಚ ನ್ಯಾಯಾಲಯಕ್ಕೆ ತಲಪಿದ್ದು ಜೈಲಿನ ನೌಕರರಿಂದಲ್ಲ, ಸುನಿಲ್ ಬಾತ್ರಾ ಎಂಬ ಇನ್ನೊಬ್ಬ ಕೈದಿ ಬರೆದ ಕಾಗದದಿಂದ. ನ್ಯಾಯಾಲಯ ಆ ಕಾಗದವನ್ನೇ ಅರ್ಜಿಯಾಗಿ ಪರಿಗಣಿಸಿತು. ೧೯೭೯ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ತೀರ್ಪಿತ್ತು, ಕೈದಿಗಳ ಅಹವಾಲಿಗೆಂದು ಪೆಟ್ಟಿಗೆಗಳನ್ನಿಡಬೇಕೆಂದು ಆದೇಶಿಸಿತು. ಅವುಗಳ ಹೊಣೆಯನ್ನು ಜೈಲಿನವರಿಗೆ ಬಿಡದೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಸೆಷನ್ಸ್ ನ್ಯಾಯಾಧೀಶರಿಗೂ ಒಪ್ಪಿಸಿತು.