ಒಂದೂವರೆ ಕೋಟಿಯ ಕಾರು, ಹನ್ನೆರಡು ವೋಲ್ಟಿನ ಬ್ಯಾಟರಿ



ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಊರಿನ ಮಳೆ-ಬೆಳೆ, ಆಮೇಲೆ ಮಕ್ಕಳ ಕೆಲಸ, ಅದಾದ ಮೇಲೆ ಕಾರು. ಈಗೀಗ ಆ ಮಾತು ನೇರವಾಗಿ ಎಲೆಕ್ಟ್ರಿಕ್ ಕಾರಿಗೇ ಬಂದು ನಿಲ್ಲುತ್ತದೆ. ಒಬ್ಬರು “ಏನು ಡಿಸೈನ್ ರೀ ಅದು, ಥೇಟ್ ವಿಮಾನ!” ಅಂತಾರೆ. ಇನ್ನೊಬ್ಬರು “ನೋಡೋಕೇನೋ ಚೆಂದ, ಖಂಬಾಟಕಿ ಘಾಟಿನಲ್ಲಿ ನಿಂತುಬಿಟ್ಟರೆ ಏನ್ ಮಾಡ್ತೀರಿ?” ಅಂತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಉಳಿದ ಅರ್ಧವನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಕೋಟಿ ರೂಪಾಯಿಯ ಕಾರಿನ ಮಾತು ನಮಗ್ಯಾಕೆ ಅನ್ನಬೇಡಿ. ಇವತ್ತು ಅದರಲ್ಲಿ ಇರುವ ಹಿಡಿಕೆ, ಪರದೆ, ಸಾಫ್ಟ್‌ವೇರ್ ಎಲ್ಲವೂ ನಾಳೆ ನೀವು ಸಾಲ ಮಾಡಿ ಕೊಳ್ಳುವ ಇಪ್ಪತ್ತು ಲಕ್ಷದ ಕಾರಿಗೂ ಇಳಿದು ಬರುತ್ತವೆ. ಅವುಗಳ ಜೊತೆಗೆ ಅವುಗಳ ತಾಪತ್ರಯವೂ ಬರುತ್ತದೆ.

ಚಾಕಣದಿಂದ ಹೊರಟ ಕಾರು

2022ರ ಸೆಪ್ಟೆಂಬರ್ 30ರಂದು ನಮ್ಮ ಚಾಕಣದ ಮರ್ಸಿಡಿಸ್-ಬೆಂಜ್ ಕಾರ್ಖಾನೆಯಿಂದ ಇಕ್ಯೂಎಸ್ 580 ಎಂಬ ಎಲೆಕ್ಟ್ರಿಕ್ ಕಾರು ಹೊರಬಂತು. ಜರ್ಮನಿಯ ಹೊರಗೆ ಈ ಮಾದರಿ ತಯಾರಾದದ್ದು ಅದೇ ಮೊದಲು. ಆಗಿನ ಷೋರೂಮ್ ಬೆಲೆ 1.55 ಕೋಟಿ ರೂಪಾಯಿ. ಸಮಾರಂಭಕ್ಕೆ ಬಂದಿದ್ದ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ “ನಮ್ಮಂಥ ಮಧ್ಯಮ ವರ್ಗದವರಿಗೆ ಇದು ಎಟುಕುವುದಿಲ್ಲ, ಉತ್ಪಾದನೆ ಹೆಚ್ಚಿಸಿ ಬೆಲೆ ಇಳಿಸಿ” ಎಂಬರ್ಥದಲ್ಲಿ ಮಾತಾಡಿ ನಗಿಸಿದ್ದರು.

ಅದೇ ಚಾಕಣದಲ್ಲಿ ಮಹೀಂದ್ರ ಕಂಪನಿ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳನ್ನು ತಯಾರಿಸುತ್ತದೆ. 2024ರ ನವೆಂಬರ್‌ನಲ್ಲಿ ಘೋಷಿಸಿದಾಗ ಬಿಇ 6 ಕಾರಿನ ಆರಂಭಿಕ ಬೆಲೆ 18.90 ಲಕ್ಷ. ಅಂದ ಹಾಗೆ, ಮಹೀಂದ್ರದ ಎಲೆಕ್ಟ್ರಿಕ್ ಕಾರಿನ ಬೇರು ಬೆಂಗಳೂರಿನಲ್ಲಿದೆ. ಚೇತನ್ ಮೈನಿಯವರ ‘ರೇವಾ’ 2001ರಲ್ಲಿ ಬೆಂಗಳೂರಿನ ರಸ್ತೆಗೆ ಇಳಿದದ್ದು ನೆನಪಿದೆಯಲ್ಲ? ಎರಡು ಬಾಗಿಲಿನ ಆ ಪುಟ್ಟ ಕಾರಿನ ಕಂಪನಿಯನ್ನು ಮಹೀಂದ್ರ ಕೊಂಡದ್ದು 2010ರಲ್ಲಿ. ಅಂದಿನ ರೇವಾ ನೋಡಿ ನಕ್ಕವರೂ ಇದ್ದರು. ಇಂದಿನ ಕಾರು ನೋಡಿ ಯಾರೂ ನಗುವುದಿಲ್ಲ. ಆದರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಅಂದಿನದೇ: ಇದು ನನ್ನನ್ನು ಊರಿಗೆ ತಲುಪಿಸುತ್ತದೆಯೇ?

ಮೊಟ್ಟೆಯ ಆಕಾರ ಯಾಕೆ?

ಇಕ್ಯೂಎಸ್ ನೋಡಿದವರು ‘ನೀರಿನಲ್ಲಿ ಸವೆದ ನುಣುಪುಗಲ್ಲಿನ ಹಾಗಿದೆ’ ಅನ್ನುತ್ತಾರೆ. ಅದು ಸುಮ್ಮನೆ ಮಾಡಿದ್ದಲ್ಲ. ಗಾಳಿಯನ್ನು ಸೀಳಿಕೊಂಡು ಹೋಗಲು ಕಾರಿಗೆ ಆಗುವ ತಡೆಯನ್ನು ಒಂದು ಸಂಖ್ಯೆಯಲ್ಲಿ ಅಳೆಯುತ್ತಾರೆ. ಇಕ್ಯೂಎಸ್‌ನದು 0.20. ಮಾರಾಟದ ಕಾರುಗಳಲ್ಲಿ ಅದು ಬಂದಾಗ ಇದೇ ಅತಿ ಕಡಿಮೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಎಕ್ಸ್‌ಪ್ರೆಸ್‌ವೇನಲ್ಲಿ ಬ್ಯಾಟರಿ ಉಳಿಸಬೇಕಾದರೆ ಮೈ ನುಣ್ಣಗಿರಬೇಕು.

ಆದರೆ ಈ ನುಣುಪಿಗೆ ಬೆಲೆ ತೆರಬೇಕು. ಇಳಿಜಾರಾದ ಮಾಡು ಹಿಂದಿನ ಸೀಟಿನವರ ತಲೆಯ ಹತ್ತಿರ ಬರುತ್ತದೆ. ನೆಲದಡಿ ಬ್ಯಾಟರಿ ಇರುವುದರಿಂದ ಪಾದ ಇಡುವ ಜಾಗ ಮೇಲೆದ್ದು, ಮಂಡಿ ಮೇಲಕ್ಕೆ ಬರುತ್ತದೆ. ನಮ್ಮಲ್ಲಿ ಇಂಥ ಕಾರಿನ ಮಾಲೀಕರು ಕೂರುವುದೇ ಹಿಂದೆ! ‘ಇದಕ್ಕಿಂತ ಹಳೇ ಎಸ್-ಕ್ಲಾಸಿನ ಹಿಂದಿನ ಸೀಟೇ ವಾಸಿ’ ಎಂದು ಕಾರು ಪರೀಕ್ಷಿಸಿದ ಅನೇಕರು ಬರೆದರು. ಬಾನೆಟ್ ಅನ್ನು ಮಾಲೀಕರು ತೆರೆಯುವ ಹಾಗಿಲ್ಲ, ಗಾಜು ತೊಳೆಯುವ ನೀರು ತುಂಬಲು ಪಕ್ಕದಲ್ಲಿ ಒಂದು ಪುಟ್ಟ ಮುಚ್ಚಳ. ಮುಖದಲ್ಲಿ ಮರ್ಸಿಡಿಸ್ ಗತ್ತೇ ಇಲ್ಲ ಎಂಬ ದೂರೂ ಬಂತು. 2024ರಲ್ಲಿ ಕಂಪನಿ ಈ ಕಾರಿಗೆ ಕ್ರೋಮ್ ಪಟ್ಟಿಗಳ ಗ್ರಿಲ್ ಮತ್ತು ಬಾನೆಟ್ ಮೇಲೆ ನಿಲ್ಲುವ ಹಳೆಯ ನಕ್ಷತ್ರವನ್ನು ಕೊಟ್ಟಿತು. ಬಿಎಂಡಬ್ಲ್ಯೂ ಈ ಗೊಡವೆಗೇ ಹೋಗಲಿಲ್ಲ. ತನ್ನ ಪೆಟ್ರೋಲ್ 7 ಸೀರೀಸ್‌ನ ಮೈಯನ್ನೇ ಐ7ಕ್ಕೂ ಇಟ್ಟಿತು. ಅದರ ಗಾಳಿ ತಡೆಯ ಸಂಖ್ಯೆ 0.24. ಗಾಳಿಗೆ ಸ್ವಲ್ಪ ಸೋತರೂ ಹಿಂದಿನ ಸೀಟಿನಲ್ಲಿ ಗೆದ್ದಿತು.

ಬಾಗಿಲಿನೊಳಗೆ ಅಡಗುವ ಹಿಡಿಕೆ, ಗುಂಡಿಗಳನ್ನೆಲ್ಲ ನುಂಗಿದ ಟಚ್ ಸ್ಕ್ರೀನ್ ಇವೂ ಇದೇ ಫ್ಯಾಷನ್ನಿನ ಮಕ್ಕಳು. ಆದರೆ ಅಪಘಾತವಾಗಿ ಕರೆಂಟ್ ಹೋದರೆ ಹಿಡಿಕೆ ಹೊರಬರಬೇಕಲ್ಲ? ಅದಕ್ಕೇ ಚೀನಾ 2027ರ ಜನವರಿ 1ರಿಂದ ಹೊಸ ಕಾರುಗಳ ಬಾಗಿಲಿಗೆ ಕರೆಂಟಿಲ್ಲದೆಯೂ ತೆರೆಯುವ ವ್ಯವಸ್ಥೆ ಕಡ್ಡಾಯ ಎಂದಿದೆ. ಯೂರೋಪಿನ ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಪೂರ್ತಿ ನಕ್ಷತ್ರ ಬೇಕಿದ್ದರೆ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ, ತುರ್ತು ಕರೆ ಈ ಐದಕ್ಕೂ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇರಬೇಕು ಎಂದಿದೆ.

857ರ ಲೆಕ್ಕ

ಈಗ ಸಂಖ್ಯೆಗೆ ಬರೋಣ. ಇಕ್ಯೂಎಸ್ ಒಂದೇ ಚಾರ್ಜಿನಲ್ಲಿ 857 ಕಿ.ಮೀ. ಓಡುತ್ತದೆ ಎಂದು ಜಾಹೀರಾತು ಬಂತು. ಪ್ರಮಾಣಪತ್ರ ಕೊಟ್ಟದ್ದು ಎಆರ್‌ಎಐ, ಅಂದರೆ ಕೋಥ್ರೂಡಿನವರು ಬೆಳಿಗ್ಗೆ ವಾಕಿಂಗ್‌ಗೆ ಹೋಗುವ ವೇತಾಳ ಟೇಕಡಿ ಕಡೆ ಇರುವ, 1966ರಲ್ಲಿ ಶುರುವಾದ ಆ ಸಂಶೋಧನಾ ಸಂಸ್ಥೆ. ಪುಣೆಯಿಂದ ಬೆಂಗಳೂರಿಗೆ ಸುಮಾರು 840 ಕಿ.ಮೀ. ಅಂದರೆ ಎಲ್ಲೂ ನಿಲ್ಲದೆ ಮೆಜೆಸ್ಟಿಕ್!

ಸ್ವಲ್ಪ ತಡೆಯಿರಿ. ಅದೇ ಕಾರಿಗೆ ಯೂರೋಪಿನ ಪರೀಕ್ಷೆ ಕೊಟ್ಟದ್ದು ಸುಮಾರು 677 ಕಿ.ಮೀ. ಅಮೆರಿಕದ ಪರೀಕ್ಷೆ ಕೊಟ್ಟದ್ದು 340 ಮೈಲಿ, ಅಂದರೆ ಸುಮಾರು 547 ಕಿ.ಮೀ. ನಮ್ಮ ಹೆದ್ದಾರಿಯ ಮೇಲೆ ಇಟ್ಟು ನೋಡಿ: ಭಾರತದ ಲೆಕ್ಕದಲ್ಲಿ ಬೆಂಗಳೂರು ಮುಟ್ಟಿದ ಕಾರು, ಯೂರೋಪಿನ ಲೆಕ್ಕದಲ್ಲಿ ಚಿತ್ರದುರ್ಗ ದಾಟಿ ನಿಲ್ಲುತ್ತದೆ, ಅಮೆರಿಕದ ಲೆಕ್ಕದಲ್ಲಿ ರಾಣೆಬೆನ್ನೂರಿನ ಹತ್ತಿರ ನಿಲ್ಲುತ್ತದೆ.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ನಮ್ಮ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ಎ.ಸಿ. ಆಫ್ ಮಾಡಿ. ಹೆಚ್ಚೆಂದರೆ ಗಂಟೆಗೆ 90 ಕಿ.ಮೀ. ವೇಗ, ಬಹುಪಾಲು ಊರೊಳಗೆ ನಿಂತು ಹೊರಡುವ ಓಟ. ಕಾರು ಕಾರನ್ನು ಹೋಲಿಸಲು ಅದು ಒಳ್ಳೆಯ ಅಳತೆಗೋಲು. ನಿಮ್ಮ ಪ್ರಯಾಣದ ಭರವಸೆಯಲ್ಲ. ಮಹೀಂದ್ರ ಕೂಡ ಬಿಇ 6ರ ದೊಡ್ಡ ಬ್ಯಾಟರಿಗೆ 682 ಕಿ.ಮೀ. ಪ್ರಮಾಣಪತ್ರ ತೋರಿಸಿದಾಗ, ನಿಜವಾದ ರಸ್ತೆಯಲ್ಲಿ 500ಕ್ಕಿಂತ ಹೆಚ್ಚು ಎಂದು ತಾನೇ ಹೇಳಿತು. ಅದು ಒಳ್ಳೆಯ ಪದ್ಧತಿ.

ಘಾಟಿಗೆ ಹೆದರುವವರಿಗೆ ಒಂದು ಸಮಾಧಾನ. ಜನ, ಲಗೇಜು ಸೇರಿ ಎರಡೂಮುಕ್ಕಾಲು ಟನ್ ತೂಗುವ ಕಾರು ಖೋಪೋಲಿಯಿಂದ ಲೋಣಾವಳಕ್ಕೆ ಸುಮಾರು 550 ಮೀಟರ್ ಏರಲು ಹೆಚ್ಚಾಗಿ ಖರ್ಚಾಗುವುದು ನಾಲ್ಕು ಯುನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬ್ಯಾಟರಿಯಲ್ಲಿ ಇರುವುದು 107.8 ಯುನಿಟ್. ಇಳಿಯುವಾಗ ಮೋಟರೇ ಡೈನಮೋ ಆಗಿ ಅದರಲ್ಲಿ ಒಂದಿಷ್ಟು ವಾಪಸ್ ಕೊಡುತ್ತದೆ. ಬ್ಯಾಟರಿಯನ್ನು ತಿನ್ನುವುದು ಘಾಟಿಗಿಂತ ಹೆಚ್ಚಾಗಿ ನಮ್ಮ ಬಲಗಾಲು.

ಹಾಗಾದರೆ ಕೆಡುವುದು ಯಾವುದು?

ಎಲೆಕ್ಟ್ರಿಕ್ ಮೋಟರಿನಲ್ಲಿ ತಿರುಗುವ ಭಾಗ ಕಡಿಮೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಕೆಡುವುದೂ ಕಡಿಮೆ ಇರಬೇಕಲ್ಲ? ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಮಾಲೀಕರನ್ನೇ ಕೇಳಿ ಮಾಡಿದ 2023ರ ಸಮೀಕ್ಷೆಯಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಪೆಟ್ರೋಲ್ ಕಾರಿಗಿಂತ ಶೇ. 79ರಷ್ಟು ಹೆಚ್ಚು ತೊಂದರೆ ಕಂಡುಬಂತು. 2024ರಲ್ಲಿ ಅದು ಶೇ. 42ಕ್ಕೆ ಇಳಿಯಿತು. ಆ ವರ್ಷ ಸುಧಾರಿಸಿತ್ತು, ಆದರೆ ಇನ್ನೂ ಸಮಕ್ಕೆ ಬಂದಿರಲಿಲ್ಲ.

ತೊಂದರೆಯ ಮೂಲ ಬಹುಮಟ್ಟಿಗೆ ಹೊಸತನದಲ್ಲಿದೆ. ಚಾರ್ಜಿಂಗ್ ವ್ಯವಸ್ಥೆ, ಸಾಫ್ಟ್‌ವೇರ್, ಹೊಸ ಪ್ಲಾಟ್‌ಫಾರಂ. ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. 2024ರ ಜೂನ್‌ನಲ್ಲಿ ಹ್ಯುಂಡೈ 1,744 ಐಯೋನಿಕ್ 5 ಕಾರುಗಳನ್ನು, ಜುಲೈನಲ್ಲಿ ಕಿಯಾ 1,138 ಇವಿ6 ಕಾರುಗಳನ್ನು ತಪಾಸಣೆಗೆ ವಾಪಸ್ ಕರೆದವು. ನಲವತ್ತು-ಅರವತ್ತು ಲಕ್ಷದ ಕಾರುಗಳವು. ದೋಷ ಇದ್ದದ್ದು ದೊಡ್ಡ ಬ್ಯಾಟರಿಯಲ್ಲಲ್ಲ. ಆ ಬ್ಯಾಟರಿಯ ಕರೆಂಟನ್ನು ಇಳಿಸಿ, ನಮ್ಮ ಹಳೇ ಪರಿಚಯದ 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುವ ಪೆಟ್ಟಿಗೆಯಲ್ಲಿ.

ಇಲ್ಲೇ ತಮಾಷೆ ಇರುವುದು. ಕಾರಿನ ಕಂಪ್ಯೂಟರನ್ನು ಎಬ್ಬಿಸುವುದು, ಬಾಗಿಲ ಲಾಕ್ ತೆರೆಯುವುದು, ದೊಡ್ಡ ಬ್ಯಾಟರಿಯ ಸ್ವಿಚ್ಚು ಹಾಕುವುದು ಎಲ್ಲ ಆ 12 ವೋಲ್ಟಿನವನ ಕೆಲಸ. ಅವನು ಮಲಗಿಬಿಟ್ಟರೆ ನೂರು ಯುನಿಟ್ ತುಂಬಿದ್ದರೂ ಕಾರು ಕದಲುವುದಿಲ್ಲ. ಒಂದೂವರೆ ಕೋಟಿಯ ಕಾರಿಗೂ ಇದೇ ನಿಯಮ, ಹದಿನೈದು ಲಕ್ಷದ ಕಾರಿಗೂ ಇದೇ ನಿಯಮ.

ಪ್ರಶಸ್ತಿ ಬೇರೆ, ಭರವಸೆ ಬೇರೆ

ಟಾಟಾ ಮೋಟರ್ಸ್ 2008ರಲ್ಲಿ ಜಾಗ್ವಾರ್ ಕೊಂಡಾಗ ನಾವೆಲ್ಲ ಎದೆ ಉಬ್ಬಿಸಿದ್ದೆವು. ಅದೇ ಜಾಗ್ವಾರ್‌ನ ಐ-ಪೇಸ್ ಎಲೆಕ್ಟ್ರಿಕ್ ಕಾರು 2019ರಲ್ಲಿ ‘ವರ್ಷದ ವಿಶ್ವ ಕಾರು’ ಪ್ರಶಸ್ತಿ ಗೆದ್ದಿತು, ಅದೇ ವರ್ಷ ವಿನ್ಯಾಸದ ಪ್ರಶಸ್ತಿಯನ್ನೂ ಗೆದ್ದಿತು. ಐದು ವರ್ಷದ ನಂತರ, 2024ರಲ್ಲಿ, ಬ್ಯಾಟರಿಗೆ ಬೆಂಕಿ ತಗಲುವ ಅಪಾಯದ ಕಾರಣ ಅಮೆರಿಕದಲ್ಲಿ 2019ರ ಮಾದರಿಯ 2,760 ಐ-ಪೇಸ್‌ಗಳನ್ನು ಕಂಪನಿ ಗ್ರಾಹಕರಿಂದ ಮರಳಿ ಕೊಳ್ಳಬೇಕಾಯಿತು. ಚೆಂದದ ಕಾರು ಅನ್ನುವುದರಲ್ಲಿ ಸಂಶಯವಿಲ್ಲ. ಆದರೆ ತೀರ್ಪುಗಾರರು ನೋಡುವುದು ಹೊಸ ಕಾರನ್ನು. ನೀವು ಬಾಳುವುದು ಐದು ವರ್ಷದ ಹಳೇ ಕಾರಿನ ಜೊತೆ.

ಫ್ಲ್ಯಾಟಿನಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಿ. 2024ರ ಆಗಸ್ಟ್ 1ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಚಾರ್ಜಿಗೂ ಹಾಕದೆ ಸುಮ್ಮನೆ ನಿಂತಿದ್ದ ಮರ್ಸಿಡಿಸ್ ಇಕ್ಯೂಇ ಕಾರಿಗೆ ಬೆಂಕಿ ಹತ್ತಿ, ಅಕ್ಕಪಕ್ಕದ ಹತ್ತಾರು ಕಾರುಗಳು ಸುಟ್ಟವು. ಬೆಂಕಿ ಹರಡಲು ಕಟ್ಟಡದ ಸ್ಪ್ರಿಂಕ್ಲರ್ ಬಂದ್ ಆಗಿದ್ದದ್ದೂ ಕಾರಣ. ಇಂಥದ್ದು ಅಪರೂಪ. ಆದರೂ ನಿಮ್ಮ ಸೊಸೈಟಿಯ ಸ್ಪ್ರಿಂಕ್ಲರ್‌ನಲ್ಲಿ ನೀರು ಬರುತ್ತದೆಯೇ ಎಂದು ಮುಂದಿನ ಮೀಟಿಂಗಿನಲ್ಲಿ ಕೇಳಲು ನಿಮಗೆ ಎಲೆಕ್ಟ್ರಿಕ್ ಕಾರೇ ಇರಬೇಕೆಂದಿಲ್ಲ.

ನೀರಿನದೂ ಒಂದು ಮಾತು. 2024ರ ಜುಲೈ 25ರಂದು ಖಡಕ್‌ವಾಸಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿದ್ದು ಮರೆತಿಲ್ಲ. ಬ್ಯಾಟರಿಗೆ ‘ಐಪಿ67’ ಅಂತ ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಅದು ಬ್ಯಾಟರಿ ಪೆಟ್ಟಿಗೆಯ ಮಾತು, ಇಡೀ ಕಾರಿನದಲ್ಲ. ರಾತ್ರಿಯಿಡೀ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ. ಎಳೆಸಿಕೊಂಡು ಹೋಗಿ ತಪಾಸಣೆ ಮಾಡಿಸಿ.

ಷೋರೂಮಿನಲ್ಲಿ ಕೇಳಿ

ಕಾಫಿ ಕೊಟ್ಟು ಕೂರಿಸುತ್ತಾರೆ, ಪರದೆ ತೋರಿಸುತ್ತಾರೆ. ಕಾಫಿ ಕುಡಿಯಿರಿ. ಆಮೇಲೆ ಇಷ್ಟು ಕೇಳಿ:

1. ಎ.ಸಿ. ಹಾಕಿ, ಗಂಟೆಗೆ 100ರಲ್ಲಿ ಹೋದರೆ ಎಷ್ಟು ಕಿ.ಮೀ.? ಟೆಸ್ಟ್ ಡ್ರೈವನ್ನು ಲಕ್ಷ್ಮೀ ರಸ್ತೆಯಲ್ಲಲ್ಲ, ಹೆದ್ದಾರಿಯಲ್ಲಿ ಕೊಡಿ ಅನ್ನಿ. ನೂರು ಕಿಲೋಮೀಟರಿಗೆ ಎಷ್ಟು ಯುನಿಟ್ ಎಂದು ಕಾರೇ ತೋರಿಸುತ್ತದೆ.

2. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯಲ್ಲಿ ನಿಮ್ಮ ಸರ್ವಿಸ್ ಇದೆಯೇ? ಇದ್ದರೆ ಬ್ಯಾಟರಿ ಕೆಲಸ ಗೊತ್ತಿರುವವರು ಇದ್ದಾರೆಯೇ, ಇಲ್ಲ ಪುಣೆಗೇ ಲಾರಿಯಲ್ಲಿ ಹಾಕಿ ತರಬೇಕೇ?

3. ವಾರಂಟಿ ಎಷ್ಟು ವರ್ಷ, ಬ್ಯಾಟರಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಾಯಿಸುತ್ತೀರಿ? ಕೆಲವು ಕಡೆ ‘ಜೀವಮಾನ’ ಎಂಬುದು ಮೊದಲ ಮಾಲೀಕರಿಗೆ ಮಾತ್ರ. ಮಾರುವಾಗ ಬೆಲೆ ಇಳಿಯುವುದು ಇಲ್ಲೇ.

4. ಕರೆಂಟ್ ಹೋದರೆ ಬಾಗಿಲು ತೆರೆಯುವ ಹಿಡಿಕೆ ಎಲ್ಲಿ? ಮನೆಯ ಅಜ್ಜಿಗೂ ಮಗುವಿಗೂ ತೋರಿಸಿ, ಅವರ ಕೈಯಲ್ಲೇ ತೆಗೆಸಿ.

5. ವಾರಂಟಿ ಮುಗಿದ ಮೇಲೆ ಆ ಉದ್ದನೆಯ ಪರದೆ ಒಡೆದರೆ ಎಷ್ಟು? ಬರವಣಿಗೆಯಲ್ಲಿ ಕೊಡಿ ಅನ್ನಿ.

6. ಮನೆಯಲ್ಲಿ ಚಾರ್ಜಿಂಗ್ ಹೇಗೆ? ಇಕ್ಯೂಎಸ್‌ನಷ್ಟು ದೊಡ್ಡ ಬ್ಯಾಟರಿ 11 ಕಿಲೋವ್ಯಾಟ್ ಚಾರ್ಜರಿನಲ್ಲಿ ತುಂಬಲು ಸುಮಾರು ಹತ್ತು ಗಂಟೆ ಬೇಕು. ಗೀಸರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಒಂದೂವರೆ ದಿನ! ಸೊಸೈಟಿಯ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ಬುಕ್ ಮಾಡಿ.

ಈ ಆರಕ್ಕೂ ನೇರ ಉತ್ತರ ಕೊಡುವವರ ಹತ್ತಿರ ವ್ಯವಹಾರ ಮಾಡಿ. ‘ಹೊರಗೆ ಥಳಕು ಒಳಗೆ ಹುಳುಕು’ ಎಂಬ ಗಾದೆ ಎಲ್ಲ ಕಾರಿಗೂ ಸಲ್ಲುವುದಿಲ್ಲ, ನಿಜ. ಆದರೆ ಥಳಕನ್ನು ಐದು ನಿಮಿಷದಲ್ಲಿ ನೋಡಿ ಮುಗಿಸಬಹುದು. ಉಳಿದದ್ದನ್ನು ಕೇಳಿಯೇ ತಿಳಿಯಬೇಕು.

ನಿಮ್ಮಲ್ಲಿ ಯಾರಾದರೂ ಎಲೆಕ್ಟ್ರಿಕ್ ಕಾರಿನಲ್ಲಿ ಧಾರವಾಡಕ್ಕೋ ಕಲಬುರಗಿಗೋ ಹೋಗಿ ಬಂದಿದ್ದರೆ ಬರೆದು ತಿಳಿಸಿ. ಎಲ್ಲಿ ಚಾರ್ಜ್ ಮಾಡಿದಿರಿ, ಎಷ್ಟು ಹೊತ್ತು ಕಾದಿರಿ, ಆ ಹೊತ್ತಿನಲ್ಲಿ ಎಲ್ಲಿ ತಿಂಡಿ ಚೆನ್ನಾಗಿತ್ತು ಎಲ್ಲವನ್ನೂ ಬರೆಯಿರಿ. ಮುಂದೆ ಹೊರಡುವವರಿಗೆ ಅದು ಯಾವ ಪ್ರಮಾಣಪತ್ರಕ್ಕಿಂತಲೂ ಉಪಯೋಗ.

ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ನಿಧಾನವಾಗಿ ಓಡಿಸಿ.